ಅಮ್ಮಂಗೆ ಡ್ರಿಪ್ ಹಾಕ್ಬೇಕಂತೆ, ಏನೇನಾಗತ್ತೆ?

ಪ್ರಶ್ನೆ:
ಅಮ್ಮಂಗೆ ಎರಡು ದಿನದಿಂದ ವಾಂತಿ ಭೇದಿ, ಇವತ್ತು ಒಂದು ಗುಟುಕು ನೀರು ಕುಡಿದ್ರೂ ವಾಪಸ್ ಬರ್ತಿದೆ, ಎದ್ದು ಕೂತ್ರೆ ತಲೆ ಸುತ್ತತ್ತೆ. ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಬೇಕು ಅಂದಿದಾರೆ ಡಾಕ್ಟ್ರು. ಅಮ್ಮಂಗೆ ಸೂಜಿ ಅಂದ್ರೆ ಮೊದ್ಲಿಂದ್ಲೂ ಭಯ, "ಅಷ್ಟು ಹೊತ್ತು ಸೂಜಿ ಕೈಯೊಳಗೇ ಇಟ್ಕೊಂಡು ಹೆಂಗೆ ಮಲಗ್ಲಿ" ಅಂತ ಕೇಳ್ತಾನೇ ಇದಾರೆ. ಟ್ಯೂಬಲ್ಲಿ ಗಾಳಿ ಗುಳ್ಳೆ ಹೋದ್ರೆ ಅಪಾಯನಾ? ರಾತ್ರಿ ಜೊತೇಲಿರೋದು ನಾನೊಬ್ಳೇ, ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1:
ಮೊದ್ಲು ಅಮ್ಮಂಗೆ ಇದನ್ನ ಹೇಳಿ, ಸೂಜಿ ಒಳಗೆ ಉಳಿಯಲ್ಲ. ನರಕ್ಕೆ ಚುಚ್ಚಿದ ಮೇಲೆ ಸೂಜಿ ಈಚೆ ತೆಗೆದುಬಿಡ್ತಾರೆ, ಒಳಗಿರೋದು ಮೆತ್ತನೆ ಪ್ಲಾಸ್ಟಿಕ್ ಕೊಳವೆ, ಕ್ಯಾನುಲಾ ಅಂತಾರೆ. ನಮ್ಮಪ್ಪಂಗೆ ಹಾಕ್ದಾಗ ಈ ಒಂದು ಮಾತು ಕೇಳಿದ್ಮೇಲೇ ಅವ್ರು ಮುಷ್ಟಿ ಬಿಟ್ಟಿದ್ದು. ಮೈಯಲ್ಲಿ ನೀರು ಕಮ್ಮಿ ಆದಾಗ ನರ ಬೇಗ ಸಿಗಲ್ಲ, ಎರಡ್ಮೂರು ಸಲ ಚುಚ್ಚಬೇಕಾಗ್ಬಹುದು, ಅದಕ್ಕೆ ಗಾಬರಿ ಆಗ್ಬೇಡಿ, ಕೈ ಬೆಚ್ಚಗಿಟ್ರೆ ನರ ಸ್ವಲ್ಪ ಚೆನ್ನಾಗಿ ಕಾಣತ್ತೆ. ನಾವೆಲ್ಲ ಗ್ಲೂಕೋಸ್ ಅಂತೀವಲ್ಲ, ಇದಕ್ಕೆ ಸಾಮಾನ್ಯವಾಗಿ ಹಾಕೋದು ನಾರ್ಮಲ್ ಸಲೈನ್, ಅಂದ್ರೆ ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಇಲ್ಲಾಂದ್ರೆ ರಿಂಗರ್ ಲ್ಯಾಕ್ಟೇಟ್, ಅಂದ್ರೆ ಉಪ್ಪಿನ ಜೊತೆ ಪೊಟ್ಯಾಸಿಯಂ ಥರದ ಲವಣಾನೂ ಇರೋ ನೀರು. ಬಾಟ್ಲಿ ತಣ್ಣಗಿರೋದ್ರಿಂದ ಕೈ ಒಳಗೆ ತಣ್ಣಗೆ ಹರಿದಂಗೆ ಆಗತ್ತೆ, ಚಳಿ ಅಂದ್ರೆ ಹೊದಿಸಿ.

ಉತ್ತರ 2:
ನಾನು ವಾರ್ಡಲ್ಲಿ ನರ್ಸ್. ಸಣ್ಣ ಗುಳ್ಳೆಗಳಿಂದ ಏನೂ ಆಗಲ್ಲ, ಟ್ಯೂಬಲ್ಲಿ ಉದ್ದಕ್ಕೆ ಗಾಳಿನೇ ಕಂಡ್ರೆ ಮಾತ್ರ ಕರೀರಿ. ಬಾಟ್ಲಿ ಖಾಲಿ ಆದಾಗ ಟ್ಯೂಬೊಳಗೆ ಸ್ವಲ್ಪ ರಕ್ತ ವಾಪಸ್ ಬರೋದುಂಟು, ಹೆದರ್ಬೇಡಿ, ಹೇಳಿ ಸಾಕು. ಆದ್ರೆ ಒಂದು ವಿಷ್ಯ ತುಂಬಾ ಮುಖ್ಯ. ಕ್ಯಾನುಲಾ ಸುತ್ತ ಊದ್ಕೊಂಡು, ಉರಿದು, ಮುಟ್ಟಿದ್ರೆ ಗಟ್ಟಿ ಅನ್ಸಿದ್ರೆ ನೀರು ನರದಿಂದ ಹೊರಗೆ ಹೋಗ್ತಿದೆ ಅಂತ, ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಎರಡಾಗಿದ್ರೂ ಬೆಲ್ ಒತ್ತಿ. ಎಷ್ಟೋ ಜನ "ಸಿಸ್ಟರ್‌ಗೆ ಯಾಕೆ ತೊಂದ್ರೆ" ಅಂತ ಸುಮ್ನಿದ್ದು ಬೆಳಗ್ಗೆ ಇಡೀ ಕೈ ಊದಿಸ್ಕೊಂಡಿರ್ತಾರೆ, ನೋಡಿದ್ರೆ ಸಂಕಟ ಆಗತ್ತೆ. ಬೇಗ ಮುಗೀಲಿ ಅಂತ ಟ್ಯೂಬಿನ ಚಕ್ರ ತಿರುಗಿಸ್ಲೇಬೇಡಿ, ಸ್ಪೀಡು ಲೆಕ್ಕ ಹಾಕಿ ಇಟ್ಟಿರ್ತಾರೆ. ಹಾರ್ಟ್ ಅಥ್ವಾ ಕಿಡ್ನಿ ತೊಂದ್ರೆ ಇದ್ರೆ, ಯಾವ ಮಾತ್ರೆ ತಗೊಳ್ತಾರೆ ಅನ್ನೋದನ್ನ ಮೊದ್ಲೇ ಹೇಳಿ, ಅಂಥೋರಿಗೆ ನೀರು ಜಾಸ್ತಿ ಆದ್ರೆ ಉಸಿರು ಕಟ್ಟತ್ತೆ. ಉಸಿರಾಡಕ್ಕೆ ಕಷ್ಟ ಅಂದ ತಕ್ಷಣ ಕೂಗಿ.

ಪ್ರಶ್ನೆ ಕೇಳಿದವರು:
ಅಮ್ಮಂಗೆ ಬಿಪಿ ಮಾತ್ರೆ ಇದೆ, ಈಗ್ಲೇ ಹೇಳ್ತೀನಿ. ಎಷ್ಟು ಹೊತ್ತು ಆಗತ್ತೆ?

ಉತ್ತರ 3:
ಅದು ನೀರು ಎಷ್ಟು ಕಮ್ಮಿ ಆಗಿದೆ ಅನ್ನೋದ್ರ ಮೇಲೆ, ಕೆಲವರಿಗೆ ಕೆಲವು ಗಂಟೆ, ಕೆಲವರಿಗೆ ಒಂದೆರಡು ದಿನ. ಸೋಡಿಯಂ, ಪೊಟ್ಯಾಸಿಯಂ ನೋಡಕ್ಕೆ ರಕ್ತಾನೂ ತಗೋತಾರೆ. ಉಚ್ಚೆ ಎಷ್ಟೊತ್ತಿಗೆ, ಯಾವ ಬಣ್ಣ ಅಂತ ಬರೆದಿಡಿ, ರೌಂಡ್ಸಿಗೆ ಬಂದಾಗ ಡಾಕ್ಟ್ರು ಕೇಳೋದೇ ಅದು. ನಮ್ಮತ್ತೆಗೆ ಟೀ ಡಿಕಾಕ್ಷನ್ ಥರ ಹೋಗ್ತಿದ್ದಿದ್ದು ಎರಡನೇ ಬಾಟ್ಲಿ ಮುಗಿಯೋಷ್ಟರಲ್ಲಿ ತಿಳಿಯಾಯ್ತು, ನಾಲಿಗೆ ಒದ್ದೆ ಆಯ್ತು, ಆಮೇಲೆ ಅವ್ರೇ ಬಾಯಾರಿಕೆ ಅಂದ್ರು, ಡಾಕ್ಟ್ರನ್ನ ಕೇಳಿ ಚಮಚದಲ್ಲಿ ಒಆರ್‌ಎಸ್ ಶುರು ಮಾಡಿದ್ವಿ.