ಗಿನಿಪಿಗ್ ಜೋಡಿ: ಬ್ಯಾಸಿಗಿ ಮುಂದ ಐತಿ, ಈಗ ಕೂಡಿಸಬಹುದೇನ್ರಿ?

ಪ್ರಶ್ನೆ, ಬಾಗಲಕೋಟೆ

ಹೆಣ್ಣು ಗಿನಿಪಿಗ್‌ಗೆ 5 ತಿಂಗಳು, ತೂಕ 720 ಗ್ರಾಂ. ಬಂದು ಮೂರು ತಿಂಗಳಾತು, ಒಂದೇ ಐತಿ. ಈ ವಾರ ಅಂಗಡಿಯಿಂದ 4 ತಿಂಗಳ ಗಂಡು ತಂದೀವಿ. ಒಂದು ಸಲ ಮಾತ್ರ ಮರಿ ಹಾಕಿಸೂ ವಿಚಾರ. ಈಗ ಫೆಬ್ರವರಿ ಶುರು. ಹೆಂಗ ಕೂಡಿಸಬೇಕು, ಎಷ್ಟು ದಿನ ಬಿಡಬೇಕು, ಗಂಡು ಯಾವಾಗ ತೆಗೀಬೇಕು? ಗೊತ್ತಿದ್ದವರು ಹೇಳ್ರಿ.

ವಿಜಯಪುರದಿಂದ

ಈಗ ಬ್ಯಾಡ್ರಿ. ಗಬ್ಬ 59ರಿಂದ 72 ದಿನ, ಬಹುತೇಕ 68ರ ಆಜೂಬಾಜು. ಈಗ ಕೂಡಿಸಿದ್ರ ಏಪ್ರಿಲ್ ಕೊನಿಗೋ ಮೇ ತಿಂಗಳಿಗೋ ಈಯೂದು ಬರ್ತೈತಿ. ನಮ್ಮ ಕಡೆ ಆವಾಗ 40 ಡಿಗ್ರಿ. ಇವಕ್ಕ 27–28 ದಾಟಿದ್ರನ ತ್ರಾಸ, ಅದರಾಗ ಗಬ್ಬದ ಹೆಣ್ಣು ಮೊದಲು ಬೀಳೂದು. ಮಳಿ ಹಿಡದ ಮ್ಯಾಲ ಜುಲೈದಾಗ ಕೂಡಿಸ್ರಿ.

ಬೆಳಗಾವಿಯಿಂದ

ಬಿಸಿಲಿನ ಮಾತು ಖರೆ. ಆದರೆ ಜುಲೈಗೆ ಈ ಹೆಣ್ಣಿಗೆ 10 ತಿಂಗಳಾಗುತ್ತದೆ. ಮೊದಲ ಗಬ್ಬ 6 ತಿಂಗಳೊಳಗೆ ನಿಲ್ಲಬೇಕು, ತೀರಾ ತಡ ಎಂದರೆ 7. ಈಯುವ ಹೊತ್ತಿಗೆ ಸೊಂಟದ ಮುಂದಿನ ಎಲುಬಿನ ಜೋಡು ಸಡಿಲಾಗಿ ಬೆರಳಗಲ ಬಿಟ್ಟುಕೊಂಡರೆ ಮಾತ್ರ ಮರಿ ಹೊರಬರುತ್ತದೆ. ಒಂದು ಸಲವೂ ಈಯದ ಹೆಣ್ಣಿನಲ್ಲಿ ವಯಸ್ಸಾದಂತೆ ಆ ಜೋಡು ಗಟ್ಟಿಯಾಗುತ್ತದೆ. ಮರಿಗಳೋ ದೊಡ್ಡವು: ಹುಟ್ಟುವಾಗಲೇ 60ರಿಂದ 100 ಗ್ರಾಂ, ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ. ಸಿಕ್ಕಿಬಿದ್ದರೆ ಸಿಸೇರಿಯನ್ ಒಂದೇ ದಾರಿ, ಅದರಲ್ಲೂ ತಾಯಿ ಉಳಿಯುವ ಖಾತ್ರಿ ಇಲ್ಲ.

ಹಾಗಾಗಿ ನಿಮ್ಮ ಮುಂದೆ ಇರುವುದು ಎರಡೇ. ಬ್ಯಾಸಿಗಿಯಲ್ಲಿ ಒಂದು ಕೋಣೆಯನ್ನು 28ರ ಒಳಗೆ ಇಡುವ ವ್ಯವಸ್ಥೆ ಇದ್ದರೆ ಈ ತಿಂಗಳ ಕೊನೆಗೆ ಕೂಡಿಸಿ. ಇಲ್ಲದಿದ್ದರೆ ಈ ಹೆಣ್ಣಿನಿಂದ ಮರಿ ಆಸೆ ಬಿಟ್ಟು, ಅದಕ್ಕೆ ಇನ್ನೊಂದು ಹೆಣ್ಣನ್ನು ಜೊತೆಗೆ ತಂದುಬಿಡಿ. ತಗಡಿನ ಮನೆಯಾದರೆ ಎರಡನೆಯದೇ ಸರಿ. "ಆಮೇಲೆ ನೋಡೋಣ" ಎನ್ನುವುದು ಇಲ್ಲಿ ನಡೆಯುವುದಿಲ್ಲ.

ಇವತ್ತೇ ಯಾಕೆ ಕೂಡಿಸಬಾರದು ಎಂದರೆ, ಅಂಗಡಿಯ ಪ್ರಾಣಿ ಹುಳುಕಡ್ಡಿ, ಕಜ್ಜಿ ಹುಳ, ನೆಗಡಿ ತಂದಿರಬಹುದು. ಗಂಡನ್ನು ಬೇರೆ ಕೋಣೆಯಲ್ಲಿ 3 ವಾರ ಇಡಿ. ಮೊದಲು ಹೆಣ್ಣಿನ ಕೆಲಸ ಮುಗಿಸಿ, ಆಮೇಲೆ ಗಂಡಿನದು ಮಾಡಿ, ಕೈ ತೊಳೆಯಿರಿ. ಕಿವಿ, ಮೂಗಿನ ಸುತ್ತ ಕೂದಲು ಉದುರಿ ಹೊಟ್ಟು ಕಂಡರೆ, ಕೆರೆದುಕೊಂಡು ಒದ್ದಾಡಿದರೆ ಚಿಕಿತ್ಸೆ ಮುಗಿಯುವ ತನಕ ಜೋಡಿ ಬೇಡ. ಆ ಮೂರು ವಾರದಲ್ಲಿ ಅದು ಗಂಡೇ ಹೌದೋ ಎಂದೂ ನೋಡಿಕೊಳ್ಳಿ, ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ. ಹೆಣ್ಣಿಗೆ ವೈ ಆಕಾರದ ಸೀಳು. ಗಂಡಿಗೆ ಮೇಲೊಂದು ಗುಂಡು ಚುಕ್ಕೆ, ಅದರ ಮೇಲ್ಗಡೆ ಮೆಲ್ಲಗೆ ಒತ್ತಿದರೆ ಅಂಗ ಹೊರಬರುತ್ತದೆ.

ಬಣ್ಣವನ್ನೂ ನೋಡಿ. ಎರಡರ ಮೈಯಲ್ಲೂ ಬಿಳಿ ಕೂದಲು ಬೆರೆತ ರೋನ್ ಅಥವಾ ಬಿಳಿ ಮೈಮೇಲೆ ಚುಕ್ಕೆಯ ಡಾಲ್ಮೇಷನ್ ಬಣ್ಣವಿದ್ದರೆ ಕೂಡಿಸಲೇಬೇಡಿ. ನಾಲ್ಕರಲ್ಲಿ ಒಂದು ಮರಿ ಕಣ್ಣು, ಹಲ್ಲು ಕೆಟ್ಟು ಹುಟ್ಟುವ ಸಂಭವ.

ಗೋಕಾಕದಿಂದ

ಕೂಡಿಸುವ ಬಗ್ಗೆ. ಹೆಣ್ಣಿನ ಪಂಜರದೊಳಗೆ ಗಂಡನ್ನು ನೇರ ಬಿಡಬೇಡಿ, ಅದು ಅವಳ ಜಾಗ. ಎರಡೂ ಈ ಮೊದಲು ನೋಡಿರದ ಜಾಗ ಬೇಕು: ತೊಳೆದು ಒಣಗಿಸಿದ ಫರಸಿ ಮೇಲೆ 4×4 ಅಡಿ ಆವರಣ ಸಾಕು. ನಡುವೆ ಒಣ ಹುಲ್ಲಿನ ಗುಡ್ಡೆ, ಎರಡು ಮೂಲೆಗೆ ಎರಡು ನೀರಿನ ಬಾಟ್ಲಿ, ಅಡಗಲು ಎರಡೂ ಕಡೆ ತೂತು ಕೊರೆದ ರಟ್ಟಿನ ಡಬ್ಬಿ. ಒಂದೇ ಬಾಗಿಲಿನ ಡಬ್ಬಿ ಇಟ್ಟರೆ ಹೆಣ್ಣು ಒಳಗೆ ಸಿಕ್ಕಿಕೊಂಡು ಜಗಳ ಅಲ್ಲಿಯೇ ಹತ್ತುತ್ತದೆ. ಬೆಳಿಗ್ಗೆ ಬಿಡಿ, ಇಡೀ ದಿನ ಕಣ್ಣಿಡಬಹುದು.

ಗಂಡು ಗುರ್ ಗುರ್ ಎನ್ನುತ್ತ ಸೊಂಟ ಕುಣಿಸಿ ಸುತ್ತುತ್ತದೆ, ಬೆನ್ನಟ್ಟುತ್ತದೆ, ಹತ್ತಲು ನೋಡುತ್ತದೆ. ಹೆಣ್ಣು ಅದರ ಮುಖಕ್ಕೇ ಉಚ್ಚೆ ಹಾರಿಸುತ್ತದೆ, ಹಿಂಗಾಲಿಂದ ಒದೆಯುತ್ತದೆ. ಇವೆಲ್ಲ ಸಹಜ, ನಡುವೆ ಕೈ ಹಾಕಬೇಡಿ. ಹಲ್ಲು ಕಟಕಟಿಸಿ ಕೂದಲು ನಿಮಿರಿಸಿದರೆ ಕಾಯಿರಿ. ಎರಡೂ ಒಂದರ ಮೇಲೊಂದು ಎಗರಿದರೆ, ರಕ್ತ ಕಂಡರೆ ದಪ್ಪ ಟವೆಲ್ ಹಾಕಿ ಬೇರೆ ಮಾಡಿ. ಬರಿಗೈ ಹಾಕಿದರೆ ಬೆರಳಿಗೇ ಕಡಿತ. ಸಂಜೆ ತನಕ ಶಾಂತವಾಗಿದ್ದರೆ ತೊಳೆದ ಪಂಜರಕ್ಕೆ ಒಟ್ಟಿಗೆ ಹಾಕಿ.

ಬೆದೆ ಸುಮಾರು 16 ದಿನಕ್ಕೊಮ್ಮೆ, ಅದೂ ಕೆಲವು ತಾಸು, ಹೆಚ್ಚಾಗಿ ರಾತ್ರಿ. ಎರಡು ಬೆದೆ ಸಿಗಬೇಕಾದರೆ 35 ದಿನ ಬಿಡಿ. ಹಾಸಿಗೆಯಲ್ಲಿ ಮೇಣದಂಥ ಬಿಳಿ ಗಟ್ಟಿ ತುಂಡು ಕಂಡರೆ ಕೂಡಿದ್ದಕ್ಕೆ ಗುರುತು, ಆ ತಾರೀಖು ಬರೆದಿಡಿ. ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗುತ್ತಿರಿ.

ಪ್ರಶ್ನೆ ಕೇಳಿದವರು

ಈಯುವ ತನಕ ಗಂಡನ್ನು ಅಲ್ಲೇ ಬಿಟ್ಟರೆ ಏನಾಗತೈತ್ರಿ? ಒಂದೇ ಇದ್ರ ಬ್ಯಾಸರಾಗತೈತಿ.

ಜಮಖಂಡಿಯಿಂದ

ಈದ ಕೆಲವೇ ತಾಸಿನಲ್ಲಿ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲಿದ್ದರೆ ಅದೇ ದಿನ ಮತ್ತೆ ಗಬ್ಬ. ಹಾಲು ಕುಡಿಸುತ್ತ, ಹೊಟ್ಟೆಯಲ್ಲೂ ಹೊತ್ತುಕೊಂಡು ಹೆಣ್ಣು ಸೋತುಹೋಗುತ್ತದೆ. ಒಂದೇ ಸಲ ಎಂದವರಿಗೆ 70 ದಿನಕ್ಕೆ ಎರಡನೇ ಸೂಲು ಕಾದಿರುತ್ತದೆ. ಕೂಡಿದ ತಾರೀಖಿನಿಂದ 50ನೇ ದಿನಕ್ಕೆ ಗಂಡನ್ನು ತೆಗೆಯಿರಿ, ತಾರೀಖು ಗೊತ್ತಿಲ್ಲದಿದ್ದರೆ 35 ದಿನ ಮುಗಿದ ಕೂಡಲೇ. ಪಕ್ಕದಲ್ಲೇ ಜಾಳಿಗೆಯ ಆಚೆ ಇಡಿ, ವಾಸನೆ, ದನಿ ಸಿಗುತ್ತದೆ, ಅಷ್ಟು ಬ್ಯಾಸರ ಆಗದು.

ಮೇವಿಗೆ ಬಂದರೆ, ಇವುಗಳ ಮೈಯಲ್ಲಿ ವಿಟಮಿನ್ ಸಿ ತಯಾರಾಗುವುದಿಲ್ಲ. ಗಬ್ಬದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 30 ಮಿಲಿಗ್ರಾಂ ಬೇಕು. 40 ಗ್ರಾಂ ಢಬ್ಬು ಮೆಣಸಿನಕಾಯಿ ಅಥವಾ ಒಂದು ಸಣ್ಣ ತುಂಡು ಪೇರಲ, ಜೊತೆಗೆ ಕೊತ್ತಂಬರಿ ಕೊಟ್ಟರೆ ಆಯಿತು. ಮೊಲದ ಪೆಲೆಟ್‌ನಲ್ಲಿ ಇದು ಇರುವುದಿಲ್ಲ. ನೀರಿಗೆ ಬೆರೆಸಿದ್ದು ದಿನದೊಳಗೆ ಸತ್ವ ಕಳೆದುಕೊಳ್ಳುತ್ತದೆ. ಒಣ ಹುಲ್ಲು ಸದಾ ಮುಂದಿರಲಿ, ಗಬ್ಬದಲ್ಲಿ ಕುದುರೆಮೆಂತೆಯನ್ನೂ ಸೇರಿಸಿ. ಎಳೆ ಜೋಳದ ಹಸಿ ಮೇವು ದನಕ್ಕೆ ವಿಷ, ಇವಕ್ಕೂ ಕೊಡಬೇಡಿ. ಉಳ್ಳಾಗಡ್ಡಿ ಬೇಡ.

ಹೆಣ್ಣು ಬೊಜ್ಜು ಬೆಳೆಸದಂತೆ ನೋಡಿ, ಹಾಗೆಂದು ಗಬ್ಬದಲ್ಲಿ ಮೇವು ಕಡಿಮೆ ಮಾಡಬೇಡಿ. ಕೊನೆಯ ಎರಡು ವಾರದಲ್ಲಿ ಒಂದು ದಿನ ತಿನ್ನುವುದು ಬಿಟ್ಟರೂ ಮೈಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರಿ ಸಾಯಬಹುದು. ಆ ಹೊತ್ತಿನಲ್ಲಿ ಪಂಜರ ಬದಲಿಸುವುದು, ಎತ್ತಿ ಆಡಿಸುವುದು ಬಂದ್.

ಬೆಳಗಾವಿಯಿಂದ, ಮತ್ತೆ

ಬಿಸಿಲಿಗೆ: ಕಿಟಕಿಗೆ ಒದ್ದೆ ಗೋಣಿಚೀಲ, ಕೂರಲು ಫರಸಿ ತುಂಡು, ಬಟ್ಟೆ ಸುತ್ತಿದ ಐಸ್ ಬಾಟ್ಲಿ. ಕೂಲರ್ ಗಾಳಿ ನೇರ ಮೈಗೆ ಬೇಡ. ಜೊಲ್ಲು ಸುರಿಸಿ ಅಡ್ಡ ಮಲಗಿದರೆ ಕಿವಿ, ಪಾದಕ್ಕೆ ತಂಪು ನೀರು ಹಚ್ಚಿ ಡಾಕ್ಟರ್ ಹತ್ತಿರ ಓಡಿ. ಐಸ್ ನೀರು ಬೇಡ.

ಸಿಸೇರಿಯನ್ ಮಾಡಬಲ್ಲ ಡಾಕ್ಟರನ್ನು ಕೂಡಿಸುವ ಮುಂಚೆಯೇ ಕೇಳಿಟ್ಟುಕೊಳ್ಳಿ. ದನ-ಎಮ್ಮೆ ನೋಡುವವರಿಗೆ ಇದು ಅಪರೂಪದ ಪ್ರಾಣಿ, ಪೆನಿಸಿಲಿನ್, ಅಮಾಕ್ಸಿಸಿಲಿನ್ ಬೇಡವೆಂದು ನೀವೇ ನೆನಪಿಸಿ. ಇವುಗಳ ಕರುಳಿಗೆ ಅವು ಪ್ರಾಣಾಂತಿಕ. ಈಯುವುದು ಸಾಮಾನ್ಯವಾಗಿ ಅರ್ಧ ತಾಸಿನ ಕೆಲಸ. 20 ನಿಮಿಷ ತಿಣುಕಿದರೂ ಮರಿ ಬರದಿದ್ದರೆ ಕಾಯಬೇಡಿ.

ಜಮಖಂಡಿಯಿಂದ

ಮರಿಗಳ ಬಗ್ಗೆ ಒಂದು ಮಾತು ಉಳೀತು. ಗಂಡು ಮರಿ 3 ವಾರಕ್ಕೇ ತಾಯಿ, ಅಕ್ಕತಂಗಿಯರನ್ನು ಗಬ್ಬ ಮಾಡಬಲ್ಲದು. 21ನೇ ದಿನ ಗಂಡು ಮರಿಗಳನ್ನು ಅಪ್ಪನ ಪಂಜರಕ್ಕೆ ದಾಟಿಸಿ. ಅಪ್ಪನೊಂದಿಗೆ ಒಂದಕ್ಕಿಂತ ಹೆಚ್ಚು ಗಂಡು ಮರಿ ಇದ್ದರೆ ದೊಡ್ಡವಾದ ಮೇಲೆ ಕಚ್ಚಾಟ ಹತ್ತಬಹುದು, ಉಳಿದವಕ್ಕೆ ಬೇರೆ ಮನೆ ಈಗಲೇ ಹುಡುಕಿ.