ಕುರ್ಚಿಯಲ್ಲಿ ಕೂತೇ ವ್ಯಾಯಾಮ: ಅವ್ವನಿಗೆ ಯಾವುದರಿಂದ ಶುರು ಮಾಡಿಸಲಿ?

ಪ್ರಶ್ನೆ (ನವನಗರ, ಬಾಗಲಕೋಟೆ)
ನಮ್ಮ ಅವ್ವನಿಗೆ 71. ಎರಡೂ ಮೊಣಕಾಲು ಸವೆದಿವೆ, ಮೇಲೆ ಬಿಪಿ. ನೆಲಕ್ಕೆ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ಹಾಗಾಗಿ ದಿನವೆಲ್ಲ ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಯೂಟ್ಯೂಬ್‌ನಲ್ಲಿ ಕುರ್ಚಿ ವ್ಯಾಯಾಮ ತೋರಿಸಿದೆ. "ಕೂತಲ್ಲೇ ಕಾಲು ಆಡಿಸಿದರೆ ಅದೇನು ವ್ಯಾಯಾಮ, ಹುಚ್ಚಿ" ಅಂತ ನಕ್ಕಳು. ನಿಜಕ್ಕೂ ಉಪಯೋಗ ಇದೆಯಾ?

ಉತ್ತರ (ವಿಜಯಪುರ)
ಇದೆ ತಂಗಿ. ಲಕ್ವಾ ಹೊಡೆದು ಎಡಗಡೆ ಸೋತ ಮೇಲೆ ನಂದೆಲ್ಲ ಕೂತೇ ನಡೆಯುತ್ತದೆ. ಬಸ್ ಕಂಡಕ್ಟರ್ ಆಗಿದ್ದವನಿಗೆ ಕೂತು ಕೆಲಸ ಮಾಡಿ ರೂಢಿಯೇ ಇರಲಿಲ್ಲ, ಇರಲಿ.

ಮೊದಲು ಆ ಪ್ಲಾಸ್ಟಿಕ್ ಕುರ್ಚಿ ಬದಲಿಸು. ಫರಸಿ ಮೇಲೆ ಅದು ಜಾರುತ್ತದೆ. ಗಟ್ಟಿ ಕಟ್ಟಿಗೆ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡು. ಪಾದ ಪೂರ್ತಿ ನೆಲಕ್ಕೆ ಊರಬೇಕು, ಎಟುಕದಿದ್ದರೆ ಕಾಲಡಿ ಮಣೆ ಇಡು. ಸೀರೆಯ ಅಂಚು ಪಾದಕ್ಕೆ ಸಿಗದಂತೆ ಎತ್ತಿ ಸಿಕ್ಕಿಸಿಕೊಳ್ಳಲಿ.

ಮೊಣಕಾಲಿಗೆ ಒಂದೇ ಹೇಳು ಅಂದರೆ ಇದನ್ನು ಹೇಳುತ್ತೇನೆ. ನೆಟ್ಟಗೆ ಕೂತು ಒಂದು ಕಾಲು ಮುಂದಕ್ಕೆ ಚಾಚಬೇಕು, ಬೆರಳುಗಳನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಆಗ ಅವ್ವನ ತೊಡೆ ಮುಟ್ಟಿ ನೋಡು, ಕಲ್ಲಿನ ಹಾಗೆ ಬಿಗಿಯುತ್ತದೆ. ಮೊಣಕಾಲಿಗೆ ಆಸರೆ ಕೊಡುವುದೇ ಆ ಸ್ನಾಯು. ಐದು ಎಣಿಸಿ ಮೆಲ್ಲಗೆ ಇಳಿಸಬೇಕು. ದೊಪ್ಪನೆ ಬಿಟ್ಟರೆ ಅರ್ಧ ಕೆಲಸ ಹಾಳು. ಒಂದೊಂದು ಕಾಲಿಗೆ 8-10 ಸಲ ಸಾಕು. ಬಾಯಿಬಿಟ್ಟೇ ಎಣಿಸಲಿ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ, ಜೋರಾಗಿ ಎಣಿಸುತ್ತಿದ್ದರೆ ಹಿಡಿಯೋಕೇ ಆಗಲ್ಲ.

ಹಾಡು ಹಾಕಿ ಕೈಕಾಲು ಬೀಸುವ ವಿಡಿಯೋ ನನಗಂತೂ ಸೇರಲ್ಲ.

ಉತ್ತರ (ಬೆಳಗಾವಿ)
ಫಿಸಿಯೋಥೆರಪಿ ನನ್ನ ಕೆಲಸ. ಕಾಕಾ ಹೇಳಿದ್ದು ಸರಿ, ಬೀಸುವುದೂ ಕೆಟ್ಟದ್ದೇನಲ್ಲ, ಭುಜ ಸಡಿಲ ಆಗುತ್ತದೆ. ಸ್ವಲ್ಪ ಬಲ ಬಂದ ಮೇಲೆ ಎದ್ದು ಕೂರುವುದನ್ನು ಸೇರಿಸಿ. ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದಕ್ಕೆ ಎಳೆದುಕೊಂಡು, ಮುಂದೆ ಬಾಗಿ ಏಳಬೇಕು. ಕೂರುವ ಜಾಗ ಎತ್ತರ ಇದ್ದಷ್ಟೂ ಮೊಣಕಾಲಿಗೆ ಹಗುರ. ಕೌದಿ ಮಡಚಿ, ಜಾರದಂತೆ ಹಾಕಿ. 65 ದಾಟಿದವರಿಗೆ ವಾರಕ್ಕೆ 3 ದಿನವಾದರೂ ಬಲ, ಸಮತೋಲನದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು
ಕಾಕಾ, ನಮ್ಮ ಕಟ್ಟಿಗೆ ಕುರ್ಚಿಗೆ ಕೈ ಇದೆ. ನಡೆಯುತ್ತಲ್ವಾ?

ವಿಜಯಪುರ
ಒಳ್ಳೆಯದೇ ಆಯಿತು. ಏಳುವಾಗ ಎರಡೂ ಕೈಯಿಂದ ಅದನ್ನು ಕೆಳಕ್ಕೆ ಒತ್ತಲಿ. ನಿನ್ನ ತೋಳು ಹಿಡಿದು ಜಗ್ಗೋಕೆ ಮಾತ್ರ ಬಿಡಬೇಡ, ಇಬ್ಬರೂ ಬೀಳುತ್ತೀರಿ.