ಅಪ್‌ಡೇಟ್: ಅಸಿಯೆಟ್ಟಾ ಜಲ್ಲಿದಾರಿ, ವಾಹನವಿಲ್ಲದ ದಿನಗಳು

ಇಟಲಿಯ ಆಲ್ಪ್ಸ್‌ನಲ್ಲಿರೋ ಅಸಿಯೆಟ್ಟಾ ರಸ್ತೆಯಲ್ಲಿ ಬೈಕು, ಜೀಪುಗಳ ಕಾಟವಿಲ್ಲದೆ ಸೈಕಲ್ ತುಳಿಯೋದು ಹೇಗೆ ಅಂತ ಕೇಳಿದ್ದೆ. ಉತ್ತರ ಸಿಕ್ಕಿದೆ: ಜುಲೈ, ಆಗಸ್ಟ್‌ನ ಬುಧವಾರ, ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮೋಟಾರು ವಾಹನಗಳಿಗೆ ನಿಷೇಧ. ಆಯಾ ವರ್ಷದ ಆದೇಶ ನೋಡಿಯೇ ಟಿಕೆಟ್ ಮಾಡಿಸಿ.

ನಿಜವಾದ ಪರೀಕ್ಷೆ ಆ ರಸ್ತೆ ತಲುಪೋ ಮೊದಲೇ ಇದೆ. ಸೂಸಾ ಪಟ್ಟಣದಿಂದ ಕೋಲೆ ದೆಲ್ಲೆ ಫಿನೆಸ್ತ್ರೆ ಅನ್ನೋ ಬೆಟ್ಟದ ಕಣಿವೆದಾರಿಗೆ (ಎತ್ತರ 2,178 ಮೀ.) ಸುಮಾರು 18 ಕಿ.ಮೀ. ಏರು, ಸರಾಸರಿ 9% ಕಡಿದು. ಕೊನೆಯ 8 ಕಿ.ಮೀ. ಬರೀ ಜಲ್ಲಿ. ಎದ್ದುನಿಂತು ತುಳಿದರೆ ಹಿಂದಿನ ಚಕ್ರ ಹಿಡಿತ ತಪ್ಪಿ ನಿಂತಲ್ಲೇ ಸುತ್ತುತ್ತೆ. ಸೀಟಿನ ಮುಂತುದಿಗೆ ಜರುಗಿ, ಮೊಣಕೈ ಬಾಗಿಸಿ, ಕೂತೇ ತುಳಿಯಿರಿ. ಮುಂದೆ 30, ಹಿಂದೆ 42 ಹಲ್ಲಿನ ಗೇರ್ ಇರಲಿ. 45 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ, 70 ಕೆ.ಜಿ. ತೂಕದವರಿಗೆ, 30 ಪಿಎಸ್‌ಐ ಆಸುಪಾಸು ಗಾಳಿಯ ಒತ್ತಡ ಸಾಕು. ಗಾಳಿ ಇನ್ನೂ ಕಡಿಮೆ ಮಾಡಿದರೆ ಇಳಿಜಾರಿನಲ್ಲಿ ರಿಮ್ ಕಲ್ಲಿಗೆ ಬಡಿಯುತ್ತೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಬೇಗ ಹೊರಡಿ.